ದೆವ್ವದ ಚಿತ್ರ ಬರೆದರೆ ಎಲ್ಲರೂ ನಗ್ತಾರೆ. ಬಾರದೇ ಹೋದವನನ್ನ ಬರೆಯೋದು ಹೇಗೆ?

ಫ್ಲೆಕ್ಸ್‌ಹುಡುಗಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಇದೇ ಮೊದಲು. ಉದ್ದ ಆಯ್ತು ಅಂತ ಬೈಕೋಬೇಡಿ.

ನಾನು ತುಮಕೂರಿನ ಒಂದು ಡಿಟಿಪಿ, ಫ್ಲೆಕ್ಸ್ ಅಂಗಡೀಲಿ ಡಿಸೈನರ್. ಡಿಸೈನರ್ ಅಂದ ತಕ್ಷಣ ದೊಡ್ಡದಾಗಿ ಏನೂ ಅಂದ್ಕೋಬೇಡಿ. ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಗಣೇಶನ ಹಬ್ಬದಲ್ಲಿ ಪೆಂಡಾಲಿನ ಬ್ಯಾನರು, ಭಾವಪೂರ್ಣ ಶ್ರದ್ಧಾಂಜಲಿ. ಸತ್ತವರ ಫೋಟೋಗೆ ಹಾರ ಹಾಕೋದರಲ್ಲಿ ನಮ್ಮ ಬೀದೀಲಿ ನನ್ನಷ್ಟು ಬೇಗ ಮುಗಿಸೋರು ಇಲ್ಲ. ಚೆಂಡುಹೂವಿನ ಹಾರ 4 ಸೈಜಿನಲ್ಲಿ ಕತ್ತರಿಸಿ ರೆಡಿ ಇಟ್ಟಿದ್ದೀನಿ. ರಾತ್ರಿ ಮನೆಗೆ ಬಂದ ಮೇಲೆ ನನ್ನ ಸ್ವಂತ ಚಿತ್ರ ಬರೀತೀನಿ. ಹಳೇ ಲ್ಯಾಪ್‌ಟಾಪು, ಕ್ರೀಟಾ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರು (ಕಾಸು ಕೊಡೋ ಹಾಗಿಲ್ಲ, ಅದಕ್ಕೇ), ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್ಟು.

ವಿಷಯಕ್ಕೆ ಬರ್ತೀನಿ. ಹೋದ ವರ್ಷ ಒಂದು ಡೇಟಿಂಗ್ ಆ್ಯಪಿನಲ್ಲಿ ಒಬ್ಬ ಪರಿಚಯ ಆದ. ಬೆಂಗಳೂರಲ್ಲಿ ಕೆಲಸ. 4 ತಿಂಗಳು ಮಾತು. ಎರಡು ಸಲ ಇಲ್ಲಿಗೇ ಬಂದಿದ್ದ, ಅಮಾನಿಕೆರೆ ಹತ್ರ ಓಡಾಡಿದ್ವಿ. ಮೂರನೇ ಸಲ, ಒಂದು ಭಾನುವಾರ ಬೆಳಿಗ್ಗೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ಮಾತಾಗಿತ್ತು. ಬೈಕಲ್ಲಿ ಬರ್ತಿದ್ದ. 8.10ಕ್ಕೆ ಮೆಸೇಜು: "ದಾಬಸ್‌ಪೇಟೆ ದಾಟಿದೆ. ಆರ್ಡರ್ ಮಾಡಿರು, ಬಂದೆ."

ಮಾಡಿದೆ. ಎರಡು ಪ್ಲೇಟು, ಬೆಣ್ಣೆ ಹಾಕಿಸಿ.

ಭಾನುವಾರದ ರಶ್ಶು ಗೊತ್ತಲ್ಲ, ಕೂತವರ ಬೆನ್ನ ಹಿಂದೇನೇ ನಿಂತಿರ್ತಾರೆ. "ಇಲ್ಲಿ ಯಾರಾದ್ರೂ ಇದಾರಾ?" ಅಂತ ಎದುರಿನ ಚೇರು ಹಿಡಿದು ಕೇಳ್ತಾರೆ. "ಇದಾರೆ, ಬರ್ತಿದಾರೆ" ಅಂತೀನಿ. ಮೂರು ಸಲ ಹೇಳಿದೆ. ನಾಲ್ಕನೇ ಸಲ ಒಬ್ಬ ತಾತ ಕೇಳೋಕೂ ಹೋಗದೆ ಕೂತೇಬಿಟ್ರು. ಅಷ್ಟೊತ್ತಿಗೆ 9 ಗಂಟೆ ದಾಟಿತ್ತು.

ಆ ರೋಡು ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನನ್ನ ತಲೆಗೆ ಬಂದಿದ್ದು ಒಂದೇ, ಲಾರಿ. 11 ಸಲ ಫೋನ್ ಮಾಡಿದೆ, ರಿಂಗ್ ಆಗ್ತಿತ್ತು. ಎರಡು ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಅಪಘಾತದ ಸುದ್ದಿ ಹುಡುಕಿದ್ದೀನಿ, ಸುಳ್ಳಲ್ಲ. ಮಂಗಳವಾರ ಸಂಜೆ ಅವನ ಡಿಪಿ ಬದಲಾಯ್ತು. ಹೊಸ ಕೂಲಿಂಗ್ ಗ್ಲಾಸು. ಬದುಕಿದ್ದಾನೆ ಅಂತ ಮೊದಲು ಸಮಾಧಾನ ಆಯ್ತು. ಸಿಟ್ಟು ಬಂದಿದ್ದು ಅದಾದ ಮೇಲೆ.

ಇದರ ಮೇಲೆ 6 ಚಿತ್ರ ಮಾಡಿದ್ದೀನಿ. ಹೀಗೆ ಹೇಳದೆ ಕೇಳದೆ ಮಾಯ ಆಗೋದಕ್ಕೆ ಇಂಗ್ಲಿಷಲ್ಲಿ ಘೋಸ್ಟಿಂಗ್ ಅಂತಾರಲ್ಲ, ಹಾಗಾಗಿ ಬಿಳಿ ಬೆಡ್‌ಶೀಟ್ ಹೊದ್ದ ದೆವ್ವ. ಬೈಕ್ ಮೇಲೆ ದೆವ್ವ, ಕೆರೆ ಏರಿ ಮೇಲೆ ದೆವ್ವ, ಒಂದರಲ್ಲಿ ಕಣ್ಣಿನ ಜಾಗಕ್ಕೆ ಎರಡು ತಟ್ಟೆ ಇಡ್ಲಿ. ಇನ್‌ಸ್ಟಾದಲ್ಲಿ ಹಾಕಿದೆ. ಬಂದ ಕಾಮೆಂಟುಗಳು: "ಸೋ ಕ್ಯೂಟ್", "ಸ್ಟಿಕ್ಕರ್ ಮಾಡಿ ಮಾರಿ ಅಕ್ಕ", "ಕಾಲೇಜು ಫೆಸ್ಟಿಗೆ ಟೀ ಶರ್ಟು ಮಾಡ್ಕೊಡ್ತೀರಾ". ನನ್ನ ಫ್ರೆಂಡಿಗೆ ಫೋನಲ್ಲಿ ತೋರಿಸಿದ್ರೆ ಬಿದ್ದು ಬಿದ್ದು ನಕ್ಕಳು. ಅವಳು ಆ ಮಂಗಳವಾರ ನನ್ನ ಜೊತೆ ಕೂತು ಅತ್ತವಳು!

ನನಗೆ ನಗು ಬೇಕಿಲ್ಲ. ಆ ಟೇಬಲ್ಲಿನ ಮುಂದೆ ಕೂತ 1 ಗಂಟೆ ಬೇಕು. ಇಲ್ಲದವನನ್ನ ಹೇಗೆ ಬರೀತೀರಿ? ಖಾಲಿ ಚೇರು ಬರೆದೆ, ಫರ್ನಿಚರ್ ಅಂಗಡಿ ಜಾಹೀರಾತಿನ ಥರ ಕಾಣ್ತು. ಇನ್ನೊಂದು, ಅವನ ಮೆಸೇಜಿನ ಸ್ಕ್ರೀನ್‌ಶಾಟ್ ಇದೆ. ಚಿತ್ರದಲ್ಲಿ ಸೇರಿಸಬಹುದಾ? ಹೆಸರು ಅಳಿಸಿದ್ರೆ ಸಾಕಾ?

ಮಧುಗಿರಿ_ಮಾವ:

ಏನಮ್ಮಾ, ಬೆಡ್‌ಶೀಟ್ ಹೊದ್ದ ದೆವ್ವವನ್ನ ನಮ್ಮ ಜಿಲ್ಲೇಲಿ ಎಲ್ಲಿ ನೋಡಿದೆ? ಅದು ಟೀವಿ ಕಾರ್ಟೂನಿಂದು. ನಮ್ಮ ದೆವ್ವ ಹುಣಸೆಮರದಲ್ಲಿ ಇರೋದು, ಸೀರೆ ಉಟ್ಕೊಂಡು, ಪಾದ ಹಿಂದುಮುಂದು. ಗುರುತು ಹಿಡಿಯೋಕೆ ಕಾಲು ನೋಡು ಅಂತ ನಮ್ಮಜ್ಜಿ ಹೇಳೋಳು. ಮುಖ ನೋಡಿದ್ರೆ ಗೊತ್ತಾಗಲ್ಲ, ನಿನ್ನ ನನ್ನ ಥರಾನೇ ಇರುತ್ತೆ.

ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಬಿಟ್ಟು ಹೋದವನಿಗೆ ದೆವ್ವ ಅನ್ನೋದು ಇಂಗ್ಲಿಷಿನವರ ಲೆಕ್ಕ. ನಮ್ಮಲ್ಲಿ ದೆವ್ವ ಬಿಟ್ಟು ಹೋಗಲ್ಲ. ಮೆಟ್ಕೊಳ್ಳುತ್ತೆ. ಬೇವಿನ ಸೊಪ್ಪಲ್ಲಿ ಬಡಿದರೂ, ಮೆಣಸಿನಕಾಯಿ ಹೊಗೆ ಹಾಕಿದರೂ "ಹೋಗಲ್ಲ" ಅನ್ನುತ್ತೆ. 90ರ ದಶಕದಲ್ಲಿ ಊರೂರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರಲ್ಲ, ನಾನು ಮೇಷ್ಟ್ರಾಗಿದ್ದೂ ನಾಚಿಕೆ ಬಿಟ್ಟು ಸ್ಕೂಲಿನ ಸೀಮೆಸುಣ್ಣ ತಂದು ಬರೆದೆ. ಯಾಕೆ? ದೆವ್ವ ದಿನಾ ಬಂದು ಹೆಸರು ಹಿಡಿದು ಕರೆಯುತ್ತೆ ಅಂತ. ಬರಲ್ಲ ಅಂತ ಅಲ್ಲ!

ಈಗ ನೀನೇ ಲೆಕ್ಕ ಹಾಕು. 11 ಸಲ ಫೋನ್ ಮಾಡಿದವರು ಯಾರು?

ಅರ್ಧಪಿಕ್ಸೆಲ್, ಕೋಲಾರ:

ಮೇಷ್ಟ್ರು ಹೇಳಿದ್ದು ಸ್ವಲ್ಪ ಒರಟು, ಆದ್ರೆ ಚಿತ್ರಕ್ಕೆ ಬೇಕಾದ್ದು ಅದರಲ್ಲೇ ಇದೆ ಅನ್ಸುತ್ತೆ.

ನಾನು ಕೋಲಾರದವನು, ಬೆಂಗಳೂರಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡ್ತೀನಿ. ಇಬ್ಬರು ಕಲಾವಿದೆಯರ ಕೆಲಸ ಹುಡುಕಿ ನೋಡಿ. ಒಬ್ಬರು ಫ್ರಾನ್ಸಿನ ಸೋಫಿ ಕಾಲ್. ಸಂಬಂಧ ಮುಗಿಸ್ತಾ ಒಬ್ಬ ಆಕೆಗೆ ಇಮೇಲ್ ಕಳಿಸ್ತಾನೆ, ಕೊನೇಲಿ "ನಿಮ್ಮ ಆರೋಗ್ಯ ನೋಡ್ಕೊಳ್ಳಿ" ಅನ್ನೋ ಅರ್ಥದ ಒಂದು ಸಾಲು. ಆಕೆ ಅದನ್ನ 107 ಹೆಂಗಸರಿಗೆ ಕೊಟ್ಟು, ನಿಮ್ಮ ನಿಮ್ಮ ಕಸುಬಿನ ಪ್ರಕಾರ ಇದನ್ನ ಓದಿ ಅಂದಳು. ಪ್ರೂಫ್ ನೋಡೋರು ತಪ್ಪು ಗುರುತು ಹಾಕಿದ್ರು, ವಕೀಲರು ವಕೀಲರ ಥರ ಓದಿದ್ರು, ಗುರಿಕಾರ್ತಿ ಒಬ್ಬಳು ಆ ಕಾಗದಕ್ಕೆ ಗುಂಡು ಹೊಡೆದಳು. 2007ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಮೇಳದಲ್ಲಿ ಫ್ರಾನ್ಸ್ ಕಡೆಯಿಂದ ಪ್ರದರ್ಶನ ಆಗಿದ್ದು ಇದೇ. ಅಷ್ಟೆಲ್ಲಾ ಮಾಡಿದ್ರೂ ಕೃತಿಯಲ್ಲಿ ಅವನ ಹೆಸರು ಹಾಕಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಸ್ಕ್ರೀನ್‌ಶಾಟ್ ಹಾಗೇ ಅಂಟಿಸಬೇಡಿ. ಹೆಸರು ಅಳಿಸಿದ್ರೂ ಡಿಪಿ, ಟೈಮು, ಬರೆಯೋ ರೀತಿ ನೋಡಿ ಅವನ ಸ್ನೇಹಿತರು ಕಂಡುಹಿಡೀತಾರೆ. ಆಮೇಲೆ ಚಿತ್ರದ ಮಾತು ಹೋಗಿ ಅವನ ಮಾತು ಶುರು ಆಗುತ್ತೆ. ಅಕ್ಷರವನ್ನ ನೀವೇ ಕೈಯಲ್ಲಿ ಬರೀರಿ.

ಇನ್ನೊಬ್ಬರು ರಷ್ಯಾದ ಓಲ್ಯಾ ಲ್ಯಾಲಿನಾ. 1996ರಲ್ಲಿ ಆಕೆ ಬ್ರೌಸರಿಗಾಗಿಯೇ ಮಾಡಿದ ಒಂದು ಕಪ್ಪುಬಿಳುಪಿನ ಕೃತಿ ಇದೆ. ಯುದ್ಧದಿಂದ ವಾಪಸ್ ಬಂದ ಹುಡುಗ, ಅವನ ಹುಡುಗಿ, ಇಬ್ಬರಿಗೂ ಮಾತು ಹೊಂದ್ತಾ ಇಲ್ಲ. ಒತ್ತಿದ ಹಾಗೆಲ್ಲಾ ಪರದೆ ಚೂರು ಚೂರಾಗ್ತಾ ಹೋಗಿ ಕೊನೆಗೆ ಕಪ್ಪು ಚೌಕಗಳು ಉಳಿಯುತ್ತೆ. ಖಾಲಿಯನ್ನ ಹೀಗೂ ತೋರಿಸಬಹುದು ಅಂತ ನನಗೆ ಗೊತ್ತಾಗಿದ್ದು ಅದರಿಂದ. ಒಂದೇ ಸಲ ಖಾಲಿ ತೋರಿಸಿದ್ರೆ ಫರ್ನಿಚರ್ ಅಂಗಡಿ. ನೋಡ್ತಾ ನೋಡ್ತಾ ಖಾಲಿ ಆಗಬೇಕು.

ಆದ್ರೆ ನಿಮ್ಮ ಕಥೆ ಅವರಿಬ್ಬರದಕ್ಕಿಂತ ಬೇರೆ. ಸೋಫಿಗೆ ಓದೋಕೆ ಒಂದು ಕಾಗದ ಇತ್ತು. ನಿಮ್ಮ ಹತ್ರ ಇರೋದು ಒಂದು ಪದ: "ಬಂದೆ". ಗಮನಿಸಿದ್ರಾ? ಬರೋಕೆ ಮುಂಚೇನೇ "ಬಂದೆ" ಅಂತೀವಿ ನಾವು. ಒಳಗೆ ಸ್ನಾನ ಮಾಡ್ತಿರೋನೂ "ಬಂದೆ ಬಂದೆ" ಅಂತಾನೆ. ವ್ಯಾಕರಣದ ಪ್ರಕಾರ ನಿಮ್ಮ ಹುಡುಗ ಬಂದಾಯ್ತು.

ಒಂದು ಪ್ರಶ್ನೆ. ಆ ತಾತ ಕೂತ ಮೇಲೆ ಏನಾಯ್ತು? ಅದನ್ನ ನೀವು ಹೇಳಲೇ ಇಲ್ಲ.

ಸುಮ್ನಿರೋ:

ಆ್ಯಪಲ್ಲಿ ಸಿಕ್ಕೋನು ಆ್ಯಪಲ್ಲೇ ಹೋದ. ಇದಕ್ಕೊಂದು ಕಲೆ ಬೇರೆ ಕೇಡು. ಮನೇಲಿ ನೋಡಿದ ಹುಡುಗನ್ನ ಮದ್ವೆ ಆಗಿ, ಇದ್ಯಾವ ರಗಳೆನೂ ಇರಲ್ಲ.

ಫ್ಲೆಕ್ಸ್‌ಹುಡುಗಿ:

ಮನೇಲಿ ನೋಡಿದವರೂ ಆಗಿದ್ದಾರೆ ಸರ್. ಎರಡು ಮನೆಯವರು ಬಂದು ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂದ್ರು. ಒಬ್ಬರದ್ದು 2 ವರ್ಷ ಆಯ್ತು. ಊರು ಇನ್ನೂ ಸಿಕ್ಕಿಲ್ಲ ಅನ್ಸುತ್ತೆ.

ಮಧುಗಿರಿ_ಮಾವ:

ಹಹ್ಹಾ! ನಮ್ಮ ಕಾಲದಲ್ಲಿ "ಊರಿಗೆ ಹೋಗಿ ಕಾಗದ ಬರೀತೀವಿ". ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಕೇಳಿದ್ರೆ ನಮ್ಮಕ್ಕ ಅಡುಗೆಮನೆಯಿಂದ ಓಡಿ ಬರೋಳು, ಆಮೇಲೆ ಸುಮ್ನೆ ಬಂದೆ ಅನ್ನೋ ಹಾಗೆ ತುಳಸಿಗೆ ನೀರು ಹಾಕೋಳು. ದಿನಕ್ಕೆ ಎರಡೆರಡು ಸಲ ನೀರು ಕುಡಿದು ಆ ಗಿಡ ಕೊಳೆತೇ ಹೋಯ್ತು.

ನಂದಿಗಾಳಿ, ಚಿಕ್ಕಬಳ್ಳಾಪುರ:

ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಆ ಕಡೆಯವನು. ಅಂದ್ರೆ, ಹೀಗೆ ಮಾಡಿದವನು.

ನಿಮ್ಮ ಕೇಸಲ್ಲ, ಹೆದರಬೇಡಿ. ನಂದು ಬೇರೆ ಹುಡುಗಿ, 3 ತಿಂಗಳ ಮಾತು. ನಮ್ಮದು ಸೇವಂತಿಗೆ ತೋಟ. ಒಂದು ದಿನ ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆ, ಹೂವು ಮಾರ್ಕೆಟ್ಟಿಗೆ ಹಾಕೋದು ಎಲ್ಲಾ ನನ್ನ ತಲೆ ಮೇಲೆ. ಅವತ್ತು ರಿಪ್ಲೈ ಮಾಡಲಿಲ್ಲ. ಮರುದಿನ ಮಾಡಬಹುದಿತ್ತು, ನಿನ್ನೆ ಯಾಕೆ ಮಾಡಲಿಲ್ಲ ಅಂತ ಹೇಳಬೇಕಲ್ಲ ಅಂತ ಬಿಟ್ಟೆ. ಮೂರನೇ ದಿನಕ್ಕೆ ಹೇಳಬೇಕಾದ್ದು ಇನ್ನೂ ಜಾಸ್ತಿ ಆಯ್ತು. ಮೀಟರ್ ಬಡ್ಡಿ ಥರ. ವಾರ ಆದ ಮೇಲೆ ಅಸಲೂ ತೀರಿಸೋಕೆ ಆಗಲ್ಲ ಅನ್ನೋ ಸ್ಥಿತಿ. ಅಪ್ಪ ಐದೇ ದಿನಕ್ಕೆ ಹುಷಾರಾಗಿ ತೋಟಕ್ಕೂ ಬಂದ್ರು, ಹಾಗಾಗಿ ಅದನ್ನ ನೆಪ ಹೇಳೋ ಹಾಗೂ ಇಲ್ಲ.

ಚಿತ್ರ ಮಾಡೋರು ನೀವು, ಹಾಗಾಗಿ ನನ್ನ ಕಡೆ ಏನು ಕಾಣ್ತಿತ್ತು ಅಂತ ಹೇಳ್ತೀನಿ. ನಿಮಗೆ ಅಲ್ಲಿ ಏನೂ ಇಲ್ಲ. ನನಗೆ ಎಲ್ಲಾ ಇತ್ತು. ನೋಟಿಫಿಕೇಶನ್ನಿನಲ್ಲೇ ಓದ್ತಿದ್ದೆ, ಒಳಗೆ ಹೋದ್ರೆ ನೀಲಿ ಟಿಕ್ ಬರುತ್ತಲ್ಲ. ಪಕ್ಕದಲ್ಲಿ ಹಸಿರು ಬೊಟ್ಟು, ಅದರಲ್ಲಿ 14. ನೋಡೋಕಾಗದೆ ಆರ್ಕೈವ್ ಮಾಡಿದೆ. ಒಂದು ರಾತ್ರಿ ಏರೋಪ್ಲೇನ್ ಮೋಡ್ ಹಾಕ್ಕೊಂಡು ಒಳಗೆ ಹೋಗಿ "ಸಾರಿ, ನಾನು" ಅಂತ ಟೈಪ್ ಮಾಡಿದೆ, ಅಷ್ಟಕ್ಕೇ ನಿಲ್ಲಿಸಿದೆ. ಅದು ಈಗಲೂ ಆ ಹೆಸರಿನ ಕೆಳಗೆ "ಡ್ರಾಫ್ಟ್: ಸಾರಿ, ನಾನು" ಅಂತ ಇದೆ. 7 ತಿಂಗಳಾಯ್ತು.

ಕ್ಷಮೆ ಕೇಳೋಕೆ ಬಂದಿಲ್ಲ ಇಲ್ಲಿ. ಚಿತ್ರಕ್ಕೆ ಬರುತ್ತೇನೋ ಅಂತ ಬರೆದೆ.

ಫ್ಲೆಕ್ಸ್‌ಹುಡುಗಿ:

15 ದಿನ ಆದ ಮೇಲೆ ಬರ್ತಿದ್ದೀನಿ. ಎಲ್ಲರಿಗೂ ಥ್ಯಾಂಕ್ಸ್.

ನಂದಿಗಾಳಿ ಅವರೇ, ನಿಮ್ಮದು ಓದಿ ಎರಡು ದಿನ ಸಿಟ್ಟು ಇತ್ತು. ಆ ಡ್ರಾಫ್ಟನ್ನ ನನ್ನ ಚಿತ್ರದಲ್ಲಿ ಹಾಕಲ್ಲ. ಹಾಕಿದ್ರೆ ಅವನ ಕಡೆ ನಿಂತು ನಾನು ವಕಾಲತ್ತು ಮಾಡಿದ ಹಾಗಾಗುತ್ತೆ. ಅದು ನಿಮ್ಮ ಚಿತ್ರ, ನೀವೇ ಮಾಡಿ. ಇಲ್ಲಾ ಅಂದ್ರೆ ಉಳಿದದ್ದು ಟೈಪ್ ಮಾಡಿ ಕಳಿಸಿ.

ಮಾವ, ನಿಮ್ಮ ಮೇಲೂ ಸಿಟ್ಟು ಬಂದಿತ್ತು. ಆದ್ರೆ ನೀವು ಕೇಳಿದ ಮೇಲೆ ನನ್ನ ಫೋನ್ ತೆಗೆದು ಕಾಲ್ ಹಿಸ್ಟರಿ ನೋಡಿದೆ. 11 ಅಲ್ಲ, 16. ಆಮೇಲಿನ ಮೂರು ತಿಂಗಳು ದಿನಾ ರಾತ್ರಿ ಮಲಗೋ ಮುಂಚೆ ಅವನ ಲಾಸ್ಟ್ ಸೀನ್ ನೋಡಿ ಮಲಗ್ತಿದ್ದೆ. ಮೆಟ್ಕೊಂಡಿದ್ದು ಯಾರು ಯಾರನ್ನ ಅಂತ ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ.

ಅರ್ಧಪಿಕ್ಸೆಲ್ ಸರ್, ತಾತನ ವಿಷಯ. ಕೂತ್ರು, ತಣ್ಣಗಾಗಿದ್ದ ಆ ಪ್ಲೇಟು ನೋಡಿದ್ರು. "ಯಾರ್ದಮ್ಮಾ ಇದು?" ಅಂದ್ರು. ಏನು ಹೇಳಲಿ? "ನಿಮ್ದೇ ತಾತ" ಅಂದೆ. ಅವರೂ ಜಾಸ್ತಿ ಕೇಳಲಿಲ್ಲ, ತಿಂದ್ರು. ಚಟ್ನಿ ಎರಡು ಸಲ ಹಾಕಿಸ್ಕೊಂಡ್ರು. ಹೋಗ್ತಾ ತಮ್ಮ ಪ್ಲೇಟಿನ ದುಡ್ಡು ನನ್ನ ಲೋಟದ ಕೆಳಗೆ ಇಟ್ಟು ಹೋದ್ರು. ಅದನ್ನ ಯಾಕೆ ಬರೆದಿರಲಿಲ್ಲ ಅಂದ್ರೆ, ಅದು ಕಥೆಯ ಭಾಗ ಅಂತಾನೇ ಅನ್ನಿಸಿರಲಿಲ್ಲ.

6 ಚಿತ್ರಾನೂ ಬಿಟ್ಟೆ. ಹೊಸದು ಒಂದೇ. ಟೇಬಲ್ಲು, ಎದುರಿಗೆ ತಾತ, ಬಾಯಿ ತುಂಬಾ ಇಡ್ಲಿ, ನನ್ನ ಕಡೆ ನೋಡ್ತಾನೂ ಇಲ್ಲ. ಈ ಕಡೆ ನಾನು, ಬೆನ್ನು ಮಾತ್ರ ಕಾಣುತ್ತೆ. ನನ್ನ ಮುಂದೆ ಒಂದು ಪ್ಲೇಟು. ಅತಿ ಹೆಚ್ಚು ಹೊತ್ತು ಹಿಡಿದಿದ್ದು ಆ ಪ್ಲೇಟಿನ ಬೆಣ್ಣೆ. ಬಿಸಿ ಇಡ್ಲಿ ಮೇಲೆ ಬೆಣ್ಣೆ ಕರಗಿ ಹೊಳೆಯೋದು ಬರೆಯೋದು ಸುಲಭ, ಎರಡು ಲೇಯರು ಸಾಕು. ಕರಗಿ, ಆಮೇಲೆ ಇಡ್ಲಿ ಆರಿ, ಅಂಚಲ್ಲಿ ಮತ್ತೆ ಬೆಳ್ಳಗೆ ಗಟ್ಟಿ ಆಗುತ್ತಲ್ಲ, ಹೊಳಪೇ ಇಲ್ಲದ ಒಂದು ತೆಳು ಪೊರೆ, ಅದು ಬರಲೇ ಇಲ್ಲ. ಕೊನೆಗೆ ಒಂದು ಶನಿವಾರ ಪಾರ್ಸಲ್ ತಂದು ಬೆಣ್ಣೆ ಹಾಕಿ ಟೇಬಲ್ ಮೇಲಿಟ್ಟು 1 ಗಂಟೆ ಎದುರಿಗೆ ಕೂತೆ. ಅಮ್ಮ "ತಿನ್ನೋದೋ ಪೂಜೆ ಮಾಡೋದೋ" ಅಂದ್ರು. ಹಳದಿ ಪೂರ್ತಿ ತೆಗೆದು ಸ್ವಲ್ಪ ಬೂದು ಸೇರಿಸಿದ ಮೇಲೆ ಸರಿ ಹೋಯ್ತು.

ಪ್ಲೇಟಿನ ಪಕ್ಕ ಫೋನು, ಅದರಲ್ಲಿ ನನ್ನ ಕೈಬರಹದಲ್ಲೇ "ಬಂದೆ". ಬೇರೆ ಏನೂ ಇಲ್ಲ, ಟೈಮೂ ಇಲ್ಲ.

ಟೇಬಲ್ ಕೆಳಗೆ ಕಾಲುಗಳು. ತಾತನದು ಹವಾಯಿ ಚಪ್ಪಲಿ, ನೆಟ್ಟಗೆ. ನನ್ನ ಪಾದ ಮಾತ್ರ ಹಿಂದುಮುಂದು. ಅದನ್ನ ಎದ್ದು ಕಾಣೋ ಹಾಗೆ ಮಾಡಿಲ್ಲ, ನೆರಳಲ್ಲಿ ಬಿಟ್ಟಿದ್ದೀನಿ. ಫ್ರೆಂಡಿಗೆ ತೋರಿಸಿದೆ. ಇಡ್ಲಿ ನೋಡಿದಳು, ತಾತನ್ನ ನೋಡಿ ಮುಗುಳ್ನಕ್ಕಳು, ಆಮೇಲೆ ಕೆಳಗೆ ಬಂದು ಸುಮ್ಮನಾದಳು.

ಫೋನಲ್ಲಿ ನೋಡೋದಾ ಪ್ರಿಂಟಾ ಅಂತ ಯೋಚಿಸಿ ಪ್ರಿಂಟೇ ಅಂತ ಮಾಡಿದೆ. ಫೋನಿಂದ ಬಂದ ನೋವನ್ನ ಮತ್ತೆ ಫೋನಲ್ಲೇ ಯಾಕೆ ನೋಡೋದು? ಮೊನ್ನೆ ರಾತ್ರಿ ಅಂಗಡಿ ಮುಚ್ಚೋ ಮುಂಚೆ ಉಳಿದ ರೋಲಿನ ತುದೀಲಿ ಹಾಕಿಸಿದೆ, 4 ಅಡಿಗೆ 3 ಅಡಿ. ಮೊದಲನೇ ಪ್ರಿಂಟಲ್ಲಿ ಫೋನಿನ ಬೆಳಕು ಸತ್ತೇ ಹೋಗಿತ್ತು. ಪರದೆ ಮೇಲೆ ಬೆಳಗೋ ಬಣ್ಣ ಶಾಯೀಲಿ ಬರಲ್ಲ ಅಂತ ದಿನಾ ಕಸ್ಟಮರಿಗೆ ಪಾಠ ಹೇಳೋಳು ನಾನೇ, ನನ್ನದಕ್ಕೇ ಮರೆತಿದ್ದೆ. ಬೆಳಕನ್ನ ಮುಟ್ಟದೆ ಸುತ್ತ ಇರೋ ಟೇಬಲ್ಲನ್ನ ಕಪ್ಪು ಮಾಡಿದೆ, ಆಗ ಎದ್ದು ಬಂತು. 12 ಚದರಡಿಯ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೊಳ್ಳೋಕೆ ಬರೆದಿಟ್ಟಿದ್ದೀನಿ. ಜನವರಿಯ ಚಿತ್ರಸಂತೆಗೆ ಅರ್ಜಿ ಹಾಕೋ ಆಸೆ ಇದೆ, ನೋಡೋಣ.

ಬೆಳಿಗ್ಗೆ ಬರೋ ಹೊತ್ತಿಗೆ ನಮ್ಮ ಓನರ್ ಅದನ್ನ ನೆಲದ ಮೇಲೆ ಹಾಸ್ಕೊಂಡು, ಕನ್ನಡಕ ಹಣೆಗೆ ಏರಿಸ್ಕೊಂಡು ನೋಡ್ತಾ ನಿಂತಿದ್ರು.

"ಏನಮ್ಮಾ, ಈ ಹುಡುಗಿ ಕಾಲು ಉಲ್ಟಾ ಆಗೈತಲ್ಲ. ಪಾರ್ಟಿ ಬರೋಷ್ಟ್ರಲ್ಲಿ ಸರಿ ಮಾಡಿ ಇನ್ನೊಂದು ಹಾಕ್ಬಿಡು."

"ಪಾರ್ಟಿ ಬರಲ್ಲ ಅಣ್ಣ" ಅಂದೆ.

"ಅಡ್ವಾನ್ಸ್ ತಗೊಂಡಿದ್ದೀಯ ತಾನೆ?"